ಹೊಲದ ಬಂದೂಕು, ಕಚೇರಿಯ ಕಾಗದ

2024ರಲ್ಲಿ ಶಿಗ್ಗಾಂವ ವಿಧಾನಸಭಾ ಕ್ಷೇತ್ರದ ಜನ ಎರಡು ಸಲ ಮತಗಟ್ಟೆಗೆ ಹೋದರು. ಮೇ 7ರಂದು ಲೋಕಸಭೆಗೆ, ನವೆಂಬರ್ 13ರಂದು ವಿಧಾನಸಭೆಯ ಉಪಚುನಾವಣೆಗೆ. ಬಸವರಾಜ ಬೊಮ್ಮಾಯಿ ಸಂಸದರಾಗಿ ಶಾಸಕ ಸ್ಥಾನ ಬಿಟ್ಟಿದ್ದರಿಂದ ಎರಡನೆಯದು ಬಂತು. ನೀತಿ ಸಂಹಿತೆ ಜಾರಿಯಾಯಿತೆಂದರೆ ಲೈಸೆನ್ಸ್ ಬಂದೂಕುಗಳನ್ನು ಠಾಣೆಗೆ ತಂದೊಪ್ಪಿಸುವ ಮಾತೂ ಅದರ ಬೆನ್ನಿಗೇ ಬರುತ್ತದೆ. ಉಪಚುನಾವಣೆ ಒಂದೇ ಕ್ಷೇತ್ರದ್ದಾದರೂ ಸಂಹಿತೆ ಇಡೀ ಹಾವೇರಿ ಜಿಲ್ಲೆಗೆ ಅನ್ವಯವಾಗುವುದರಿಂದ ಹಾನಗಲ್ಲಿನವರಿಗೂ ಹಿರೇಕೆರೂರಿನವರಿಗೂ ಅದರ ಬಿಸಿ ತಟ್ಟದೆ ಇರುವುದಿಲ್ಲ. ಬೇಸಿಗೆಯ ಚುನಾವಣೆಯಲ್ಲಿ ಹೊಲ ಖಾಲಿ ಇರುತ್ತದೆ, ಬಂದೂಕು ಎಲ್ಲಿದ್ದರೂ ರೈತನಿಗೆ ಅಷ್ಟು ನಷ್ಟವಿಲ್ಲ. ಅಕ್ಟೋಬರ್ 15ರಂದು ಘೋಷಣೆಯಾದ ಉಪಚುನಾವಣೆ ಹಾಗಲ್ಲ. ಆಗ ಗೋವಿನಜೋಳ ತೆನೆಗಟ್ಟಿ ನಿಂತಿರುತ್ತದೆ, ಹಾನಗಲ್ ಕಡೆ ಭತ್ತ ಬಾಗಿರುತ್ತದೆ. ಕಾಡುಹಂದಿಯ ಹಿಂಡು ಹೊಲಕ್ಕೆ ಇಳಿಯುವುದೂ ಆಗಲೇ.

ಬಂದೂಕು ಇಟ್ಟುಕೊಂಡವನ ಕಾನೂನು ಬಾಧ್ಯತೆ ಎಂಬ ಪ್ರಶ್ನೆಯನ್ನು ನಮ್ಮ ಪತ್ರಿಕೆಗಳು ಅಪರಾಧ ಸುದ್ದಿಯ ಪುಟಕ್ಕೆ ಬಿಟ್ಟುಬಿಟ್ಟಿವೆ. ನಾಡಪಿಸ್ತೂಲು ಹಿಡಿದರು, ಮದುವೆಯಲ್ಲಿ ಗುಂಡು ಹಾರಿತು ಎಂಬಷ್ಟರಲ್ಲಿ ವಿಷಯ ಮುಗಿಯುತ್ತದೆ. ತಪ್ಪು ಮಾಡುವ ಮನಸ್ಸೇ ಇಲ್ಲದವನು ಕಾನೂನಿನ ಒಳಗೆ ಉಳಿಯಲು ಏನೇನು ತಿಳಿದಿರಬೇಕು, ಅದನ್ನು ಅವನಿಗೆ ತಿಳಿಸುವವರು ಯಾರು ಎಂದು ಕೇಳುವವರು ಕಡಿಮೆ. ಜಿಲ್ಲೆಯ ಈ ತಾಲ್ಲೂಕುಗಳನ್ನು ಕಣ್ಣೆದುರು ಇಟ್ಟುಕೊಂಡು ಆ ಪ್ರಶ್ನೆಯನ್ನು ನೋಡಬೇಕೆನಿಸಿತು.

ಇಲ್ಲಿನ ಬಂದೂಕುಗಳು ಸಿನಿಮಾದ ಬಂದೂಕುಗಳಲ್ಲ. ಹೊಲದ ಮನೆಗಳಲ್ಲಿ ಸಿಗುವುದು ಬಾಯಿಂದ ಮದ್ದು, ಚರೆ ತುಂಬಿ, ಗಜದಿಂದ ಗಿಡಿದು, ಕೇಪು ಇಟ್ಟು ಹೊಡೆಯುವ ಹಳೆಯ ಕೋವಿ. ಲೈಸೆನ್ಸಿನ ಭಾಷೆಯಲ್ಲಿ ಎಸ್‌ಬಿಎಂಎಲ್. ಸ್ವಲ್ಪ ಅನುಕೂಲಸ್ಥರಲ್ಲಿ 12 ಬೋರಿನ ಒಂಟಿ ನಳಿಗೆ, ಇಲ್ಲವೇ ಜೋಡು ನಳಿಗೆ. ಸೈನ್ಯದಿಂದ ನಿವೃತ್ತರಾಗಿ ಬ್ಯಾಂಕಿನ ಕಾವಲಿಗೆ ನಿಂತವರ ಭುಜದಲ್ಲಿರುವುದೂ ಇದೇ ಜಾತಿ. ಪೇಟೆಯ ಕೆಲವು ವ್ಯಾಪಾರಸ್ಥರ ಬಳಿ .32 ರಿವಾಲ್ವರ್ ಅಥವಾ ಪಿಸ್ತೂಲು ಇದ್ದೀತು.

ಹಾನಗಲ್ ತಾಲ್ಲೂಕಿನ ಒಂದು ಮನೆಯಲ್ಲಿ ಹಿರಿಯರೊಬ್ಬರು ಟ್ರಂಕಿನಿಂದ ತಮ್ಮ ಲೈಸೆನ್ಸ್ ಪುಸ್ತಕ ತೆಗೆದು ತೋರಿಸಿದ್ದರು. ರಟ್ಟಿನ ಅಂಚು ಸವೆದು ನಾರು ಎದ್ದಿತ್ತು. ಮೊದಲ ಪುಟಗಳ ಮೊಹರು ಧಾರವಾಡ ಜಿಲ್ಲೆಯದು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾದ ಮೇಲಿನ ಪುಟಗಳಲ್ಲಿ ಹಾವೇರಿಯ ಮೊಹರು. ನವೀಕರಣದ ಸಹಿಗಳು ಮೂರು ಮೂರು ವರ್ಷಕ್ಕೊಂದರಂತೆ ಸಾಗಿ, ಕಡೆಯದು ಐದು ವರ್ಷಕ್ಕೆ ಆಗಿತ್ತು. ಒಂದು ಮೂಲೆಯಲ್ಲಿ ನೀಲಿ ಮಸಿಯಲ್ಲಿ ಕೋವಿಯ ನಂಬರು, ಕೆಳಗೆ ಮದ್ದಿನ ಪ್ರಮಾಣ. ಷರತ್ತುಗಳೆಲ್ಲ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರ. "ಇದರಾಗ ಏನ ಬರದೈತಿ ಅಂತ ನನಗ ಇನ್ನೂ ಯಾರೂ ಓದಿ ಹೇಳಿಲ್ರಿ" ಎಂದರು. ಸರಿಯಾದ ಹೊತ್ತಿಗೆ ಶುಲ್ಕ ಕಟ್ಟಿ, ಕರೆದಾಗಲೆಲ್ಲ ಕೋವಿ ಹೊತ್ತು ಠಾಣೆಗೆ ಹೋಗಿ ಬಂದ ಮನುಷ್ಯ. ತಾನು ಒಪ್ಪಿ ಸಹಿ ಹಾಕಿದ್ದು ಏನೆಂದು ಮಾತ್ರ ಅವರಿಗೆ ಗೊತ್ತಿಲ್ಲ. ಈ ಲೇಖನದ ಚಿಂತೆ ಅದೇ.

ಆಯುಧದ ಕಾಗದಕ್ಕೂ ನಮ್ಮ ನಾಡಿಗೂ ಹಳೆಯ ಗಾಯದ ನಂಟಿದೆ. 1857ರಲ್ಲಿ ಬ್ರಿಟಿಷರು ಆಯುಧಗಳನ್ನು ನೋಂದಾಯಿಸಿ ಒಪ್ಪಿಸಬೇಕೆಂಬ ಕಾಯ್ದೆ ತಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾಗಿದ್ದವರ ಕೈಯಿಂದ ಆಯುಧ ಕಸಿದರೆ ಉಳಿಯುವುದೇನು? ಆ ನವೆಂಬರಿನಲ್ಲಿ ಸೈನ್ಯ ಊರಿಗೆ ಬೆಂಕಿ ಹಚ್ಚಿತು, ಹಿಡಿದವರಲ್ಲಿ ಕೆಲವರನ್ನು ಬಳಿಕ ಗಲ್ಲಿಗೇರಿಸಿತು. ಲಾವಣಿಕಾರರು ಆ ಕಥೆಯನ್ನು ಊರೂರಿಗೆ ಒಯ್ದರು. ಮುಂದೆ 1878ರ ಆಯುಧ ಕಾಯ್ದೆ ಲೈಸೆನ್ಸ್ ಪದ್ಧತಿಯನ್ನು ದೇಶದ ತುಂಬ ಬಿಗಿಮಾಡಿತು. ಆ ನೋವಿನ ನೆನಪು ಕಾಂಗ್ರೆಸ್ಸಿಗೂ ಇತ್ತು. 1931ರ ಕರಾಚಿ ಅಧಿವೇಶನದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಸೇರಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ನೆನಪಿಸಿ ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಸಭೆ ಒಪ್ಪಲಿಲ್ಲ. ಅಂಬೇಡ್ಕರರೂ ವಿರೋಧಿಸಿದರು. ಹಾಗಾಗಿ ಅಮೆರಿಕದ ಸಂವಿಧಾನದಲ್ಲಿರುವಂಥ ಹಕ್ಕು ನಮ್ಮಲ್ಲಿಲ್ಲ. ಬಂದೂಕು ಇಲ್ಲಿ ಸರ್ಕಾರದ ಅನುಮತಿಯಿಂದ ಬರುವ ವಸ್ತು. ಸಭೆ ಆ ದಿನ ಸರಿಯಾದ ತೀರ್ಮಾನವನ್ನೇ ಮಾಡಿತು ಎಂದು ನಾನು ನಂಬುತ್ತೇನೆ. ಆದರೆ ಹಕ್ಕನ್ನು ಅನುಮತಿಯಾಗಿ ಮಾಡಿದ ಮೇಲೆ ಅನುಮತಿ ಕೊಡುವವನ ಮೇಲೆ ಹೊಣೆಯೂ ಬೀಳುತ್ತದೆ.

ಇಂದು ನಡೆಯುತ್ತಿರುವುದು 1959ರ ಆಯುಧ ಕಾಯ್ದೆ. 1962ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಅದರ 13ನೇ ಕಲಮನ್ನು ಓದಿದವರಿಗೆ, ಕಾಯ್ದೆ ಬರೆದವರ ಮನಸ್ಸಿನಲ್ಲಿ ರೈತನೂ ಇದ್ದ ಎಂಬುದು ಅರಿವಾಗುತ್ತದೆ. ಬೆಳೆ ಕಾಯುವ ಪ್ರಾಮಾಣಿಕ ಉದ್ದೇಶಕ್ಕೆ ಬಾಯಿಂದ ತುಂಬುವ ಕೋವಿ ಕೇಳಿದರೆ, ಅನರ್ಹತೆ ಇಲ್ಲದಿದ್ದಲ್ಲಿ ಲೈಸೆನ್ಸ್ ಕೊಡಬೇಕು ಎಂದೇ ಅಲ್ಲಿದೆ. ಆ ಕೋವಿ ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಸಾದಾ ಬಂದೂಕನ್ನೂ ಕೊಡಬಹುದು. ಪಿಸ್ತೂಲು ಕೇಳುವವನು ತನಗೆ ತಕ್ಕ ಕಾರಣವಿದೆ ಎಂದು ತೋರಿಸಬೇಕು. ಹೊಲ ಕಾಯುವವನ ಕಾರಣವನ್ನು ಕಾಯ್ದೆ ಮೊದಲೇ ಒಪ್ಪಿಕೊಂಡಿದೆ. 14ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಕಾರಣ ಬರೆದಿಡಬೇಕು, ಕೇಳಿದರೆ ಅರ್ಜಿದಾರನಿಗೆ ಕೊಡಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆಯಾದೀತು ಎಂದಿದ್ದಾಗ ಮಾತ್ರ ಅದಕ್ಕೆ ವಿನಾಯಿತಿ. 18ನೇ ಕಲಮಿನಡಿ ಮೇಲ್ಮನವಿಯೂ ಉಂಟು. ಎರಡು ಎಕರೆ ಒಣಭೂಮಿಯವನೂ ಗತ್ತಿನಿಂದ ಅರ್ಜಿ ಹಾಕಬಹುದಾದ ಕಾನೂನು ಇದು. ನಡೆಯುವುದು ಬೇರೆ. ಸಣ್ಣ ಹಿಡುವಳಿದಾರ ಬಾಯಿಮಾತಿನಲ್ಲಿ "ನಿನಗ್ಯಾಕೋ ಬಂದೂಕು" ಎಂಬುದನ್ನು ಕೇಳಿ ಹಿಂತಿರುಗುತ್ತಾನೆ. ಬಾಯಿಮಾತಿನ ನಿರಾಕರಣೆಗೆ ಮೇಲ್ಮನವಿ ಎಲ್ಲಿಂದ ಬರಬೇಕು?

2016ರ ಆಯುಧ ನಿಯಮಗಳು 1962ರ ಹಳೆಯ ನಿಯಮಗಳ ಜಾಗಕ್ಕೆ ಬಂದವು. ಲೈಸೆನ್ಸಿಗೆ ಮುಂಚೆ ಸುರಕ್ಷತೆಯ ತರಬೇತಿ ಕಡ್ಡಾಯವಾಯಿತು. ಬಂದೂಕನ್ನು ಮನೆಯಲ್ಲಿ ಭದ್ರವಾಗಿ ಇಡುತ್ತೇನೆಂದು ಮುಚ್ಚಳಿಕೆ ಕೊಡಬೇಕಾಯಿತು. ಇದಕ್ಕೂ ಮೊದಲೇ ಶುರುವಾಗಿದ್ದ ಬಂದೂಕು ಲೈಸೆನ್ಸುಗಳ ರಾಷ್ಟ್ರೀಯ ದತ್ತಾಂಶ ಸಂಗ್ರಹಕ್ಕೆ ಪ್ರತಿ ಲೈಸೆನ್ಸೂ ಸೇರಿ ಅದಕ್ಕೊಂದು ವಿಶಿಷ್ಟ ಗುರುತಿನ ಸಂಖ್ಯೆ ಬರಬೇಕು, ಬರದಿದ್ದರೆ ಲೈಸೆನ್ಸೇ ಅಸಿಂಧು ಎಂದರು. ಗಡುವು ಹಲವು ಸಲ ಮುಂದಕ್ಕೆ ಹೋಯಿತು. ಕಂಪ್ಯೂಟರಿಗೆ ಸೇರದೆ ಉಳಿದ ಹಳೆಯ ಪುಸ್ತಕದ ಮಾಲೀಕ, ಕೋವಿ ಅದೇ, ಮನೆ ಅದೇ ಇದ್ದರೂ, ಒಂದು ಬೆಳಗ್ಗೆ ಲೈಸೆನ್ಸ್ ಇಲ್ಲದವನಾಗಿಬಿಡುತ್ತಾನೆ. ಟ್ರಂಕಿನಲ್ಲಿ ಪುಸ್ತಕವಿಟ್ಟುಕೊಂಡವರು ಒಮ್ಮೆ ತೆಗೆದು ಆ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

2019ರ ಡಿಸೆಂಬರಿನ ತಿದ್ದುಪಡಿ ಇನ್ನಷ್ಟು ದೊಡ್ಡದು. ಒಬ್ಬರ ಬಳಿ ಮೂರು ಬಂದೂಕು ಇರಬಹುದು ಎಂದಿದ್ದದ್ದು ಎರಡಕ್ಕೆ ಇಳಿಯಿತು. ಮೊದಲ ಮಸೂದೆಯಲ್ಲಿ ಒಂದೇ ಎಂದಿತ್ತು, ವಿರೋಧ ಬಂದ ಮೇಲೆ ಎರಡಾಯಿತು. ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಲೈಸೆನ್ಸ್ ಪಡೆದ ಆಯುಧ ವ್ಯಾಪಾರಿಗೋ ಒಪ್ಪಿಸಬೇಕಿತ್ತು. ಅಜ್ಜನ ಕಾಲದ ಕೋವಿ ಎಂಬ ಕಾರಣಕ್ಕೂ ರಿಯಾಯಿತಿ ಇಲ್ಲ, ವಾರಸಿನಿಂದ ಬಂದದ್ದೂ ಲೆಕ್ಕಕ್ಕೆ ಸೇರುತ್ತದೆ. ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದ್ದು ಇದೇ ತಿದ್ದುಪಡಿಯಿಂದ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ ಒಂದರಿಂದ ಮೂರು ವರ್ಷ ಇದ್ದ ಶಿಕ್ಷೆ ಎರಡರಿಂದ ಐದು ವರ್ಷವಾಯಿತು. ಮದುವೆ, ಮೆರವಣಿಗೆಗಳಲ್ಲಿ ಖುಷಿಗೆಂದು ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದವರಿಗೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಗುಂಡು ಮೇಲಕ್ಕೆ ಹಾರಿತು ಎಂಬ ಸಮಾಧಾನ ಅಲ್ಲಿ ನಡೆಯುವುದಿಲ್ಲ. ಮೇಲೆ ಹೋದದ್ದು ಯಾರದೋ ಅಂಗಳದಲ್ಲಿ ಕೆಳಗೆ ಬರಲೇಬೇಕು.

ನಿನ್ನೆಯವರೆಗೆ ಕಾನೂನುಬದ್ಧವಾಗಿದ್ದ ವಸ್ತು ನಾಳೆಯಿಂದ ಅಪರಾಧವಾಗುವುದು ನಮ್ಮಲ್ಲಿ ಮಾತ್ರ ನಡೆಯುವುದಲ್ಲ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇದು ಇನ್ನೂ ಜಟಿಲ, ಏಕೆಂದರೆ ಅಲ್ಲಿ ರಾಜ್ಯಕ್ಕೊಂದು ಕಾನೂನು. ಅಲ್ಲಿನ ದೊಡ್ಡ ಜಗಳ ಮ್ಯಾಗಜಿನ್ ಕುರಿತದ್ದು, ಅಂದರೆ ಬಂದೂಕಿಗೆ ಸಿಕ್ಕಿಸುವ ಗುಂಡಿನ ಡಬ್ಬಿಯಲ್ಲಿ ಎಷ್ಟು ಗುಂಡು ಹಿಡಿಯಬೇಕು ಎಂಬುದು. 1994ರಿಂದ 2004ರವರೆಗೆ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಹೊಸ ಮ್ಯಾಗಜಿನ್‌ಗಳಿಗೆ ದೇಶವ್ಯಾಪಿ ನಿಷೇಧವಿತ್ತು. ಅದು ಮುಗಿದ ಮೇಲೆ ರಾಜ್ಯಗಳು ತಂತಮ್ಮ ದಾರಿ ಹಿಡಿದವು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ಮಿತಿ 10. ಕೊಲರಾಡೊದಲ್ಲಿ 15, ಡೆಲವೇರ್‌ನಲ್ಲಿ 17. ಟೆಕ್ಸಾಸಿನಲ್ಲಿ ಮಿತಿಯೇ ಇಲ್ಲ. ನ್ಯೂಜೆರ್ಸಿಯಲ್ಲಿ 15 ಇದ್ದದ್ದು 2018ರಲ್ಲಿ 10ಕ್ಕೆ ಇಳಿದಾಗ, ಮಾಲೀಕರಿಗೆ ಸಿಕ್ಕಿದ್ದು 180 ದಿನ. ಅಷ್ಟರೊಳಗೆ ಒಪ್ಪಿಸಬೇಕು, ಮಾರಬೇಕು, ಇಲ್ಲವೇ ಹತ್ತಕ್ಕೆ ತಗ್ಗಿಸಬೇಕು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಮಿತಿ ಇಲ್ಲ. ನಡುವೆ ಡೆಲವೇರ್ ನದಿಯ ಸೇತುವೆ. ಆ ಸೇತುವೆ ದಾಟುವ ಕಾರಿನ ಡಿಕ್ಕಿಯಲ್ಲಿ 15 ಗುಂಡಿನ ಮ್ಯಾಗಜಿನ್ ಇದ್ದರೆ ನ್ಯೂಜೆರ್ಸಿಯ ದಡದಲ್ಲಿ ಅದು ಅಪರಾಧ. ಕ್ಯಾಲಿಫೋರ್ನಿಯಾದ ನಿಷೇಧವನ್ನು 2019ರಲ್ಲಿ ಕೆಳ ನ್ಯಾಯಾಲಯ ತಳ್ಳಿಹಾಕಿದಾಗ, ಆದೇಶಕ್ಕೆ ತಡೆ ಬೀಳುವವರೆಗಿನ ಒಂದು ವಾರ ಜನ ಅಂಗಡಿಗಳಿಗೆ ಮುಗಿಬಿದ್ದು ದೊಡ್ಡ ಮ್ಯಾಗಜಿನ್ ಕೊಂಡರು. 2025ರ ಮಾರ್ಚಿನಲ್ಲಿ ಒಂಬತ್ತನೇ ಸರ್ಕ್ಯೂಟ್ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು.

ನಮ್ಮ ಕಾಯ್ದೆಯಲ್ಲೂ ಮ್ಯಾಗಜಿನ್‌ನ ಪ್ರಸ್ತಾಪವಿದೆ. ಕುದುರೆ ಎಳೆದು ಹಿಡಿದರೆ ಬಿಡುವವರೆಗೋ ಮ್ಯಾಗಜಿನ್ ಖಾಲಿಯಾಗುವವರೆಗೋ ಗುಂಡು ಹಾರುತ್ತಲೇ ಇರುವ ಬಂದೂಕು ನಿಷೇಧಿತ ಆಯುಧ ಎಂದು ವ್ಯಾಖ್ಯೆ ಹೇಳುತ್ತದೆ. ಅದಕ್ಕೆ ಶಿಕ್ಷೆಯೂ ಬಲು ಕಠಿಣ: ಏಳು ವರ್ಷಕ್ಕೆ ಕಡಿಮೆಯಿಲ್ಲ. ಅರೆಸ್ವಯಂಚಾಲಿತ ರೈಫಲ್ ಸಾಮಾನ್ಯರಿಗೆ ಸಿಗುವ ವರ್ಗದಲ್ಲಿಲ್ಲ. ಮ್ಯಾಗಜಿನ್‌ಗೆ ಎಷ್ಟು ಗುಂಡು ಎಂಬ ಲೆಕ್ಕಕ್ಕಿಂತ ಎಂಥ ಬಂದೂಕು, ಒಟ್ಟು ಎಷ್ಟು ತೋಟಾ ಎಂಬ ಲೆಕ್ಕದ ಮೇಲೆ ನಮ್ಮ ಕಾನೂನು ನಿಂತಿದೆ. ಒಂದು ಸಲಕ್ಕೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದು ಲೈಸೆನ್ಸಿನಲ್ಲೇ ಬರೆದಿರುತ್ತದೆ. ಬಂದೂಕಿನ ಬಿಡಿಭಾಗಗಳೂ ಬಂದೂಕಿನ ವ್ಯಾಖ್ಯೆಯೊಳಗೆ ಬರುತ್ತವೆ; ಆದ್ದರಿಂದ ಪಿಸ್ತೂಲು ಮಾರಿ, ಅದರ ಮ್ಯಾಗಜಿನ್ ಕಪಾಟಿನಲ್ಲಿ ಉಳಿಸಿಕೊಂಡವನು ನಿಶ್ಚಿಂತನಾಗಿರುವಂತಿಲ್ಲ. ಒಂದೇ ಒಂದು ತೋಟಾ ಚೀಲದ ತಳದಲ್ಲಿ ಮರೆತು ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಹೋದರೂ ತೊಂದರೆ ತಪ್ಪಿದ್ದಲ್ಲ. ತಿಳಿದೂ ಇಟ್ಟುಕೊಂಡಿದ್ದನೇ ಎಂಬುದೇ ಮುಖ್ಯ ಎಂದು ಸುಪ್ರೀಂ ಕೋರ್ಟು 1972ರ ಗುಣವಂತಲಾಲ್ ಪ್ರಕರಣದಲ್ಲಿ ಹೇಳಿದೆ. ತಿಳಿಯದೆ ಆಯಿತೆಂದು ಸಾಬೀತಾದರೆ ಬಿಡುಗಡೆ ಸಿಕ್ಕೀತು. ಆದರೆ ಅಷ್ಟರಲ್ಲಿ ಠಾಣೆ, ವಕೀಲರು, ಹೈಕೋರ್ಟು ಎಂದು ಅಲೆದಾಟವೇ ಒಂದು ಶಿಕ್ಷೆಯಾಗಿರುತ್ತದೆ.

ಇನ್ನು ಹೊಲಕ್ಕೆ ಬರೋಣ. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಅಲ್ಲಿ. ಬೆಳೆ ರಕ್ಷಣೆಯ ಲೈಸೆನ್ಸ್ ಪ್ರಾಣಿಯನ್ನು ಕೊಲ್ಲುವ ಪರವಾನಗಿಯಲ್ಲ. ಬಂದೂಕು ಇಟ್ಟುಕೊಳ್ಳಲು ಒಂದು ಕಾನೂನು, ಅದರಿಂದ ಏನನ್ನು ಹೊಡೆಯಬಹುದು ಎಂಬುದಕ್ಕೆ ಇನ್ನೊಂದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೃಷ್ಣಮೃಗ ಮತ್ತು ನವಿಲು ಮೊದಲ ಪರಿಶಿಷ್ಟದಲ್ಲಿವೆ. ನಮ್ಮ ಜನರ ಬಾಯಲ್ಲಿ ಚಿಗರಿ ಎನ್ನಿಸಿಕೊಳ್ಳುವ ಕೃಷ್ಣಮೃಗಕ್ಕೆಂದೇ 1974ರಲ್ಲಿ ರಾಣೇಬೆನ್ನೂರಿನಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯವಾಯಿತು. ಶಿಗ್ಗಾಂವ ತಾಲ್ಲೂಕಿನ ಬಂಕಾಪುರದ ಕೋಟೆಯೊಳಗೆ 139 ಎಕರೆ ನವಿಲುಧಾಮವಿದೆ. ಚಿಗರಿ ಅಭಯಾರಣ್ಯದ ಗೆರೆ ನೋಡಿ ಮೇಯುವುದಿಲ್ಲ, ನವಿಲು ಕೋಟೆಯೊಳಗೇ ಕೂತಿರುವುದಿಲ್ಲ. ಎಳೆಯ ಗೋವಿನಜೋಳವನ್ನು ಚಿಗರಿ ಹಿಂಡು ಒಂದು ರಾತ್ರಿಯಲ್ಲಿ ಮುಗಿಸಿದ ಹೊಲ ನೋಡಿದವರಿಗೆ ಆ ರೈತನ ಸಿಟ್ಟು ಅರ್ಥವಾಗುತ್ತದೆ. ಆದರೂ ಚಿಗರಿಗೆ ಗುಂಡು ಹೊಡೆದರೆ ಕನಿಷ್ಠ ಮೂರು, ಗರಿಷ್ಠ ಏಳು ವರ್ಷ ಜೈಲು. ಜೊತೆಗೆ ಬಂದೂಕೂ ಹೋಗುತ್ತದೆ, ಲೈಸೆನ್ಸೂ ಹೋಗುತ್ತದೆ.

ಕಾಡುಹಂದಿಯ ವಿಷಯ ಸ್ವಲ್ಪ ಬೇರೆ. 2022ರ ತಿದ್ದುಪಡಿಯ ನಂತರ ಅದು ಎರಡನೆಯ ಪರಿಶಿಷ್ಟದಲ್ಲಿದೆ. ಬೆಳೆಗೆ, ಜೀವಕ್ಕೆ ಅಪಾಯ ತಂದ ಅಂಥ ಪ್ರಾಣಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು 11ನೇ ಕಲಮಿನಡಿ ಲಿಖಿತ ಅನುಮತಿ ಕೊಡಬಹುದು. ಲಿಖಿತ ಎಂಬುದನ್ನು ಮರೆಯಬಾರದು. ಅರಣ್ಯ ಸಿಬ್ಬಂದಿ ಯಾರೋ "ನೋಡಿಕೊಳ್ರಿ" ಎಂದಿದ್ದು ಅನುಮತಿಯಾಗದು. ಕೇರಳ 2022ರಲ್ಲಿ ಈ ಅಧಿಕಾರವನ್ನು ಗ್ರಾಮ ಪಂಚಾಯಿತಿ ಅಧ್ಯಕ್ಷರ ಮಟ್ಟಕ್ಕೆ ಇಳಿಸಿತು: ದೂರು ಬಂದರೆ, ಲೈಸೆನ್ಸ್ ಇರುವ, ಪಟ್ಟಿಯಲ್ಲಿ ಹೆಸರಿರುವ ಬಂದೂಕುದಾರನನ್ನು ಅಧ್ಯಕ್ಷರೇ ಕರೆಸಬಹುದು. ಅಲ್ಲಿಯೂ ತಕರಾರುಗಳಿವೆ. ಆದರೂ ಅನುಮತಿ ಕೊಡುವವನು ಹೊಲದಿಂದ ಕಾಲ್ನಡಿಗೆಯ ದೂರದಲ್ಲಿದ್ದಾನೆ ಎಂಬುದು ದೊಡ್ಡ ಮಾತು. ಶಿಗ್ಗಾಂವ ತಾಲ್ಲೂಕಿನ ದುಂಡಶಿಯ ಕಾಡಂಚಿನ ರೈತನಿಗೆ ಇವತ್ತು ರಾತ್ರಿ ಬಂದ ಹಂದಿಗೆ ಅನುಮತಿ ಬರುವಷ್ಟರಲ್ಲಿ ಕಟಾವು ಮುಗಿದಿರುತ್ತದೆ.

ವನ್ಯಜೀವಿ ಕಾಯ್ದೆಯ 34ನೇ ಕಲಮು ನಮ್ಮ ಕಡೆ ಬಹುತೇಕರಿಗೆ ಗೊತ್ತೇ ಇಲ್ಲ. ಅಭಯಾರಣ್ಯದ ಹತ್ತು ಕಿಲೋಮೀಟರ್ ಒಳಗೆ ವಾಸಿಸುವ ಲೈಸೆನ್ಸ್‌ದಾರರು ವನ್ಯಜೀವಿ ಅಧಿಕಾರಿಯ ಬಳಿಯೂ ಹೆಸರು ನೋಂದಾಯಿಸಬೇಕು. ಆ ವಲಯದಲ್ಲಿ ಹೊಸ ಲೈಸೆನ್ಸ್ ಕೊಡಲು ಅವರ ಪೂರ್ವ ಒಪ್ಪಿಗೆ ಬೇಕು. ರಾಣೇಬೆನ್ನೂರಿನ ಸುತ್ತಲಿನವರಿಗೆ ಇದು ನೇರವಾಗಿ ತಟ್ಟುತ್ತದೆ. ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಪಕ್ಷಿಧಾಮವೂ ಶಿಗ್ಗಾಂವದ ಗಡಿಗೆ ದೂರವಲ್ಲ. ಅರ್ಜಿ ಏಕೆ ನಿಂತಿದೆ ಎಂದು ತಿಳಿಯದೆ ತಿಂಗಳುಗಟ್ಟಲೆ ಅಲೆಯುವವರಿಗೆ ಈ ಒಂದು ಕಲಮಿನ ಸುಳಿವು ಕೊಟ್ಟರೂ ಸಾಕು.

ಕಾನೂನಿನ ದಾರಿ ಉದ್ದವಾದಷ್ಟೂ ಅಡ್ಡದಾರಿ ಅಗಲವಾಗುತ್ತದೆ. ಲೈಸೆನ್ಸ್ ಇಲ್ಲದ ನಾಡಬಂದೂಕು, ತಂತಿಬೇಲಿಗೆ ಕದ್ದು ಕೊಟ್ಟ ಕರೆಂಟು, ತಿನಿಸಿನೊಳಗೆ ಸಿಡಿಮದ್ದು ಸುತ್ತಿಟ್ಟ ಉಂಡೆ, ಎಲ್ಲವೂ ಆ ದಾರಿಯವು. ಸಿಡಿಮದ್ದಿನ ಉಂಡೆಯನ್ನು ಹಂದಿಯೇ ಕಚ್ಚಬೇಕೆಂದಿಲ್ಲ; ಮೇಯಲು ಹೋದ ಆಕಳು ಕಚ್ಚಿ ದವಡೆ ಹರಿದುಕೊಂಡು ಮನೆಗೆ ಬಂದರೆ, ಮೇವು ಕಣ್ಣೆದುರಿದ್ದರೂ ತಿನ್ನಲಾರದೆ ಹಸಿದು ಸಾಯುತ್ತದೆ. 1908ರ ಸ್ಫೋಟಕ ವಸ್ತುಗಳ ಕಾಯ್ದೆಯಡಿ ಅಂಥ ಉಂಡೆ ಇಡುವುದು ಗಂಭೀರ ಅಪರಾಧ. ಈಚೆಗೆ ಪ್ಲಾಸ್ಟಿಕ್ ಪೈಪಿನಲ್ಲಿ ಕಾರ್ಬೈಡ್ ಹಾಕಿ ಸದ್ದು ಮಾಡುವ ಕೊಳವೆಗಳು ಮಂಗ ಓಡಿಸಲೆಂದು ಬಂದಿವೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಮಕ್ಕಳು ಇವನ್ನೇ ಆಟಕ್ಕೆ ಹಚ್ಚಿ ಕಣ್ಣು ಸುಟ್ಟುಕೊಂಡರು. ಏರ್‌ಗನ್ ಬಗ್ಗೆಯೂ ಒಂದು ಮಾತು: .177 ಬೋರಿನ, ಕಡಿಮೆ ಶಕ್ತಿಯ ಏರ್‌ಗನ್ನಿಗೆ ಲೈಸೆನ್ಸ್ ಬೇಡ ಎಂಬುದು ನಿಜ. ಅದರಿಂದ ಕೆರೆ ದಂಡೆಯ ಹಕ್ಕಿ ಹೊಡೆಯಬಹುದು ಎಂದು ಹುಡುಗರು ತಿಳಿದಿರುವುದು ಸುಳ್ಳು.

ಈ ಭಾಗದಲ್ಲಿ ಒಳ್ಳೆಯ ಮನುಷ್ಯನೂ ಕಾನೂನಿನಿಂದ ಜಾರುವ ಜಾಗಗಳು ಮೂರು. ಒಂದು, ನವೀಕರಣ. ಐದು ವರ್ಷದ ಅವಧಿ ಬಂದಮೇಲೆ ಮರೆವೂ ಹೆಚ್ಚಿದೆ. ಅವಧಿ ಮುಗಿಯಲು ಎರಡು ತಿಂಗಳಿರುವಾಗಲೇ ಅರ್ಜಿ ಕೊಡಬೇಕು. ಇನ್ನೊಂದು, ಗಡಿ. ಲೈಸೆನ್ಸ್ ಎಲ್ಲಿಯವರೆಗೆ ಸಿಂಧು ಎಂದು ಅದರಲ್ಲೇ ಬರೆದಿರುತ್ತದೆ. ಬೆಳೆ ರಕ್ಷಣೆಯದಾದರೆ ನಮೂದಿಸಿದ ಪ್ರದೇಶಕ್ಕೆ ಮಾತ್ರ. ಶಿಗ್ಗಾಂವದ ರೈತನ ಇನ್ನೊಂದು ತುಂಡು ಜಮೀನು ಕುಂದಗೋಳದಲ್ಲೋ ಮುಂಡಗೋಡದಲ್ಲೋ ಇದ್ದರೆ ಕೋವಿ ಹೆಗಲಿಗೇರಿಸಿ ಹೊರಡುವ ಮುಂಚೆ ಅದನ್ನು ಓದಿಸಿಕೊಳ್ಳಬೇಕು. ಷರತ್ತು ಮೀರಿದ್ದಕ್ಕೆ ಆಯುಧ ಕಾಯ್ದೆಯ 30ನೇ ಕಲಮಿನಡಿ ಆರು ತಿಂಗಳವರೆಗೆ ಸಜೆ ಆಗಬಹುದು.

ಮೂರನೆಯದು ಸಾವು. ಮನೆಯ ಯಜಮಾನ ತೀರಿಕೊಂಡ ಕ್ಷಣದಿಂದ ಆ ಲೈಸೆನ್ಸಿಗೆ ಮಾಲೀಕನಿಲ್ಲ. ಕೋವಿ ಮಾತ್ರ ಬಾಗಿಲ ಹಿಂದೆ ತೂಗಿಯೇ ಇರುತ್ತದೆ. ದಿನಕರ್ಮ, ಜಮೀನಿನ ವಾರಸಾ, ಬ್ಯಾಂಕಿನ ಸಾಲ ಎಲ್ಲ ನೆನಪಿಗೆ ಬರುತ್ತವೆ, ಕೋವಿ ಬರುವುದಿಲ್ಲ. ವರ್ಷ ಕಳೆದ ಮೇಲೆ ಯಾವುದೋ ವಿಚಾರಣೆಗೆ ಬಂದ ಪೊಲೀಸರಿಗೆ ಅದು ಕಂಡರೆ, ಕಾನೂನಿನ ಕಣ್ಣಿಗೆ ಅದು ಲೈಸೆನ್ಸ್ ಇಲ್ಲದ ಬಂದೂಕು, ಆರೋಪಿ ಆ ಮನೆಯ ಮಗ. ತಡಮಾಡದೆ ಠಾಣೆಗೋ ಆಯುಧ ವ್ಯಾಪಾರಿಗೋ ಒಪ್ಪಿಸಿ ರಶೀದಿ ಪಡೆಯಬೇಕು ಎನ್ನುತ್ತದೆ 21ನೇ ಕಲಮು. ಆಮೇಲೆ ವಾರಸುದಾರರಲ್ಲಿ ಒಬ್ಬರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು, 21 ವರ್ಷ ತುಂಬಿರಬೇಕು. ಸಾವಿನವರೆಗೆ ಕಾಯಬೇಕೆಂದೂ ಇಲ್ಲ: ಲೈಸೆನ್ಸ್‌ದಾರನಿಗೆ 70 ವರ್ಷವಾಗಿದ್ದರೆ ಅಥವಾ 25 ವರ್ಷ ಬಂದೂಕು ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ಮಗನಿಗೋ ಮಗಳಿಗೋ ವರ್ಗಾಯಿಸಿಕೊಳ್ಳಲು 2016ರ ನಿಯಮಗಳು ದಾರಿ ಕೊಟ್ಟಿವೆ. ಹೊರಗಿನವರಿಗೆ ಮಾರುವುದಾದರೆ 45 ದಿನ ಮುಂಚೆ ಲಿಖಿತವಾಗಿ ತಿಳಿಸಬೇಕು. ಇಷ್ಟನ್ನು ನವೀಕರಣಕ್ಕೆ ಬಂದ ವೃದ್ಧರಿಗೆ ಕೌಂಟರಿನಲ್ಲಿ ಕೂತವರು ಎರಡು ವಾಕ್ಯದಲ್ಲಿ ಹೇಳಿದರೆ ಎಷ್ಟೋ ಮನೆಗಳ ಸಂಕಟ ತಪ್ಪುತ್ತದೆ.

ಕೊಡಗಿನವರನ್ನು ನೋಡಿ, ಅವರಿಗಿಲ್ಲದ ಲೈಸೆನ್ಸ್ ನಮಗೇಕೆ ಎಂದು ಕೇಳುವವರಿದ್ದಾರೆ. ಕೊಡವ ಜನಾಂಗದವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 1861ರಿಂದ ವಿನಾಯಿತಿ ಇದೆ. ಸ್ವಾತಂತ್ರ್ಯಾನಂತರ 1963ರ ಅಧಿಸೂಚನೆ ಅದನ್ನು ಮುಂದುವರಿಸಿತು. 2019ರಲ್ಲಿ ಕೇಂದ್ರ ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವ ಆ ನಾಡಿನ ರೂಢಿಗೆ ಅದರದೇ ಚರಿತ್ರೆ ಇದೆ. ಅದೇ ವಿನಾಯಿತಿಯನ್ನು ಹಾವೇರಿಗೆ ತರಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಬೇಕಾಗಿರುವುದು ಲೈಸೆನ್ಸ್ ಇಲ್ಲದ ಬಂದೂಕಲ್ಲ, ಹೊತ್ತಿಗೆ ಸರಿಯಾಗಿ ಉತ್ತರ ಕೊಡುವ ಕಚೇರಿ.

ಚುನಾವಣೆಯ ಪ್ರಶ್ನೆ ಅದಕ್ಕೆ ಒಳ್ಳೆಯ ಪರೀಕ್ಷೆ. ಎಲ್ಲರ ಬಂದೂಕನ್ನೂ ಒಂದೇ ಏಟಿಗೆ ತರಿಸಿಕೊಳ್ಳಿ ಎಂದು ಚುನಾವಣಾ ಆಯೋಗ ಹೇಳಿಲ್ಲ. ಪ್ರತಿ ಜಿಲ್ಲೆಯಲ್ಲಿ ಪರಿಶೀಲನಾ ಸಮಿತಿ ಕೂತು, ಜಾಮೀನಿನ ಮೇಲೆ ಇರುವವರು, ಅಪರಾಧ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ತೊಡಗಿದ್ದವರು ಮುಂತಾದವರ ಲೈಸೆನ್ಸನ್ನು ಒಂದೊಂದಾಗಿ ನೋಡಿ ನಿರ್ಧರಿಸಬೇಕು. ಒಪ್ಪಿಸಿದವನಿಗೆ ರಶೀದಿ ಕೊಡಬೇಕು, ಫಲಿತಾಂಶ ಬಂದು ಒಂದು ವಾರವಾದ ಮೇಲೆ ಹಿಂದಿರುಗಿಸಬೇಕು. ಸಾಮೂಹಿಕ ಆದೇಶಗಳ ವಿರುದ್ಧ ಕರಾವಳಿಯ ಕೃಷಿಕರು ಹೈಕೋರ್ಟಿನ ಮೆಟ್ಟಿಲು ಹತ್ತಿದ್ದಾರೆ. ಶಿಗ್ಗಾಂವ, ಸವಣೂರಿನ ರೈತರಿಗೆ ಬೆಂಗಳೂರೋ ಧಾರವಾಡದ ಪೀಠವೋ ಎಂದು ಹೋಗುವ ತ್ರಾಣ ಎಲ್ಲಿಯದು? ಮಾಡಬಹುದಾದದ್ದು ಬೇರೆ ಇದೆ. 2021ರಲ್ಲಿ ನಡೆಯಬೇಕಿದ್ದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಚುನಾವಣೆ ಯಾವಾಗ ಘೋಷಣೆಯಾದರೂ ಈ ಪ್ರಶ್ನೆ ಮತ್ತೆ ಏಳುತ್ತದೆ. ಅದಕ್ಕೆ ಮೊದಲೇ ಜಿಲ್ಲಾಧಿಕಾರಿ ಕಚೇರಿ ಬೆಳೆ ರಕ್ಷಣೆಯ ಲೈಸೆನ್ಸ್‌ಗಳ ಪಟ್ಟಿಯನ್ನು ಬೇರೆ ಮಾಡಿಟ್ಟುಕೊಳ್ಳಲಿ. ಬೆಳೆ ನಿಂತಿರುವ ತಿಂಗಳುಗಳಲ್ಲಿ ಯಾರಿಗೆ ವಿನಾಯಿತಿ ಎಂಬುದನ್ನು ಮುಂಚೆಯೇ ತೀರ್ಮಾನಿಸಲಿ. ಲೈಸೆನ್ಸಿನ ಷರತ್ತುಗಳನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ತಾಲ್ಲೂಕುಗಳ ತಹಶೀಲ್ದಾರ್ ಕಚೇರಿ, ರೈತ ಸಂಪರ್ಕ ಕೇಂದ್ರ, ಠಾಣೆಗಳ ಗೋಡೆಗೆ ಅಂಟಿಸಲಿ; ನವೀಕರಣಕ್ಕೆ ಬಂದ ಪ್ರತಿಯೊಬ್ಬರ ಕೈಗೂ ಒಂದು ಪ್ರತಿ ಕೊಡಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ವಿಧಾನಸೌಧದ ಆದೇಶವೂ ಬೇಕಿಲ್ಲ. ಜಿಲ್ಲಾಧಿಕಾರಿಯ ಒಂದು ಸುತ್ತೋಲೆ ಸಾಕು.